ಹರಿಹರಕ್ಕೆ ಓಡಿಹೋದ ನಾಲ್ವರು

ರೂಪಶ್ರೀಯೂ ಬಸವಕಿರಣನೂ ಓಡಿಹೋಗಿ ಮದುವೆಯಾಗಬೇಕೆಂದು ನಿಶ್ಚಯಿಸಿದಾಗ ಅವರ ನಿಶ್ಚಿತಾರ್ಥವಾಗಿ ಹದಿನಾಲ್ಕು ತಿಂಗಳು ಕಳೆದಿತ್ತು. ಮದುವೆಗೆ ಎರಡೂ ಮನೆಗಳಲ್ಲಿ ಯಾರ ಅಡ್ಡಿಯೂ ಇರಲಿಲ್ಲ. ಜಾತಕ ಕೂಡಿತ್ತು, ಹುಡುಗ ಹುಡುಗಿ ಒಪ್ಪಿದ್ದರು, ಉಂಗುರ ಬದಲಾಗಿತ್ತು. ಆಗದೆ ಉಳಿದದ್ದು ಮದುವೆ ಒಂದೇ.

ಅದಕ್ಕೆ ಕಾರಣ ಇಬ್ಬರ ತಂದೆಯರು. ಹುಡುಗಿಯ ತಂದೆ ಕೆಂಚವೀರಪ್ಪ ದಾವಣಗೆರೆ ಪಕ್ಕದ ಶಾಮನೂರಿನ ರೈತರು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮನೆಯಲ್ಲಿ ವಯಸ್ಸಾದ ತಾಯಿ ಕರಿಯವ್ವ ಮತ್ತು ಒಬ್ಬಳೇ ಮಗಳು. ಹುಡುಗನ ತಂದೆ ವಾಮದೇವಪ್ಪನವರಿಗೆ ಪಟ್ಟಣದ ಮಂಡಿಪೇಟೆಯಲ್ಲಿ ಪಾತ್ರೆ ಅಂಗಡಿ, ದೇವರಾಜ ಅರಸು ಬಡಾವಣೆಯಲ್ಲಿ ಮನೆ. ಇಬ್ಬರೂ ಬಲು ಸಂಭಾವಿತರು. ಎದುರಿನವರ ಮನಸ್ಸು ನೋಯಬಾರದೆಂದು ತಮ್ಮ ಮನಸ್ಸಿನಲ್ಲಿರುವುದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ.

ದಿನ ಗೊತ್ತುಮಾಡಲು ಮೊದಲ ಸಲ ಸೇರಿದ್ದು ಹೋದ ವರ್ಷ ಯುಗಾದಿ ಆದ ಮೇಲೆ.

"ನಿಮಗ ಯಾವಾಗ ಅನುಕೂಲ ಆಗ್ತೈತೋ ಅವಾಗ ಇಟ್ಕೊಳ್ರಿ ಬೀಗರೆ," ಅಂದರು ಕೆಂಚವೀರಪ್ಪ.

"ಛೆ ಛೆ, ಹೆಣ್ಣಿನ ಕಡೆಯವರು ನೀವು. ನೀವು ಹೇಳಿದ್ದೇ ಮುಹೂರ್ತ," ಅಂದರು ವಾಮದೇವಪ್ಪ.

"ಗಂಡಿನ ಕಡೆಯವರು ಇರೋವಾಗ ನಾನು ಹೇಳೋದು ಚೆಂದಾಗಿರ್ತೈತೇನ್ರಿ?"

"ನೀವು ಹೇಳದೆ ನಾನು ಹೇಳಿದ್ರೆ ಅದಕ್ಕೊಂದು ಮರ್ಯಾದಿ ಐತೇನ್ರಿ?"

ಹೀಗೆ ಎರಡೂವರೆ ಗಂಟೆ ನಡೆಯಿತು. ಮೂರು ಸಲ ಕಾಫಿ ಬಂತು, ಒಂದು ಸಲ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಬಂತು. ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ಕೈಮುಗಿದು ಎದ್ದರು. ಮುಂದಿನ ತಿಂಗಳು ಮತ್ತೆ ಸೇರಿದರು, ಮತ್ತೆ ಕೈಮುಗಿದರು. ಆಷಾಢ ಬಂತು, ಶ್ರಾವಣ ಬಂತು, ದೀಪಾವಳಿಯೂ ಬಂದು ಹೋಯಿತು.

ಇವರ ಕೈಲಿ ಆಗುವುದಿಲ್ಲ ಎಂದು ಮಠದ ಅಯ್ಯನವರೇ ಮಾಘಮಾಸದ ಒಂದು ದಿನವನ್ನು ಗೊತ್ತುಮಾಡಿಕೊಟ್ಟರು. ಆಗ ಕಲ್ಯಾಣಮಂಟಪದ ವಿಷಯ ಬಂತು. ಬೀಗರಿಗೆ ಪೇಟೆಯಲ್ಲೇ ಆದರೆ ಅನುಕೂಲ ಎಂದುಕೊಂಡು ಕೆಂಚವೀರಪ್ಪ ಯಾರಿಗೂ ಹೇಳದೆ ಪಿ.ಜೆ. ಬಡಾವಣೆಯ ಹತ್ತಿರ ಒಂದು ಮಂಟಪ ಹಿಡಿದರು. ಬೀಗರಿಗೆ ತಮ್ಮೂರಲ್ಲೇ ಮಾಡಬೇಕೆಂಬ ಆಸೆ ಇರುತ್ತದೆ ಎಂದುಕೊಂಡು ವಾಮದೇವಪ್ಪನವರೂ ಯಾರಿಗೂ ಹೇಳದೆ ಶಾಮನೂರಿನ ಕಡೆ ಒಂದು ಮಂಟಪ ಹಿಡಿದರು. ಸುದ್ದಿ ತಿಳಿದ ಕೂಡಲೇ, ಬೀಗರ ಮಾತು ಉಳಿಯಲಿ ಎಂದು ಇಬ್ಬರೂ ಅದೇ ಸಂಜೆ ತಮ್ಮ ತಮ್ಮ ಮಂಟಪವನ್ನು ಬಿಟ್ಟುಕೊಟ್ಟರು. ಮಾರನೆಯ ಬೆಳಿಗ್ಗೆ ಫೋನಿನಲ್ಲಿ ಮಾತಾಡುವಾಗ ಗೊತ್ತಾಯಿತು, ಎರಡೂ ಕೈತಪ್ಪಿವೆ. ಆ ದಿನಕ್ಕೆ ದಾವಣಗೆರೆಯಲ್ಲಿ ಬೇರೆ ಮಂಟಪ ಸಿಗಲಿಲ್ಲ.

ರೂಪಶ್ರೀ ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಶಿಯನ್. ಬಸವಕಿರಣ ತಂದೆಯ ಜೊತೆ ಪಾತ್ರೆ ಅಂಗಡಿಯಲ್ಲಿ ಕೂರುತ್ತಿದ್ದ. ಭಾನುವಾರ ಮಧ್ಯಾಹ್ನ ಕ್ಲಿನಿಕ್ಕಿನ ಎದುರಿನ ಜ್ಯೂಸ್ ಅಂಗಡಿಯಲ್ಲಿ ಇಬ್ಬರೂ ಸಿಗುವುದು ವಾಡಿಕೆ. ಹದಿನಾಲ್ಕು ತಿಂಗಳಾದರೂ ಅವರಿನ್ನೂ ಒಬ್ಬರಿಗೊಬ್ಬರು ಬಹುವಚನದಲ್ಲೇ ಇದ್ದರು.

ಆ ಭಾನುವಾರ ಬಿಸಿಲು ಜೋರಿತ್ತು. ಅಂಗಡಿಯವನು ಬಂದು ನಿಂತ.

"ನೀವೇನು ತಗೋತೀರಿ?" ಬಸವಕಿರಣ ಕೇಳಿದ.

"ನೀವು ಏನು ಹೇಳ್ತೀರೋ ಅದೇ."

"ನಂಗೆ ಯಾವ್ದಾದ್ರೂ ಆಗ್ತೈತೆ. ನಿಮ್ಗೇನು ಇಷ್ಟ?"

"ಹಂಗೇನಿಲ್ಲ, ನಿಮಗೆ ಇಷ್ಟ ಆಗಿದ್ದೇ ನಂಗೂ."

ಅಂಗಡಿಯವನು ಹೋದ, ಇನ್ನೆರಡು ಮೇಜಿಗೆ ಜ್ಯೂಸ್ ಕೊಟ್ಟು ಬಂದ, ನಿಂತ, ಮತ್ತೆ ಹೋದ. ಮೂರನೇ ಸಲ ಬಂದಾಗ ಅವನ ಮುಖದಲ್ಲಿದ್ದ ಬೇಸರವನ್ನು ರೂಪಶ್ರೀ ನೋಡಿದಳು. ಅದು ಅವಳಿಗೆ ಬಹಳ ಪರಿಚಯದ ಬೇಸರ. ತಂದೆ ಮತ್ತು ಮಾವನವರಿಗೆ ಕಾಫಿ ತಂದುಕೊಡುವಾಗ ತನ್ನ ಮುಖವೂ ಹೀಗೇ ಇರುತ್ತದಲ್ಲವೇ ಎನ್ನಿಸಿತು.

"ಎರಡು ಸಪೋಟ," ಅಂದಳು ಜೋರಾಗಿ. ಆಮೇಲೆ ಬಸವಕಿರಣನ ಕಡೆ ತಿರುಗಿದಳು. "ನಾವೂ ಅವರಂಗೇ ಆಗಿಬಿಟ್ಟೀವ್ರಿ. ಹಿಂಗೇ ಬಿಟ್ರೆ ನಮ್ಮ ಮದುವೆ ಆಗಲ್ಲ. ಓಡಿ ಹೋಗೋಣ."

ಬಸವಕಿರಣ ಗಾಬರಿಯಿಂದ ರಸ್ತೆಯ ಕಡೆ ನೋಡಿದ. "ಯಾಕ್ರಿ? ಯಾರಾದ್ರೂ ಬೆನ್ನು ಹತ್ತಿದಾರಾ?"

"ಓಡಿ ಹೋಗಿ ಮದುವೆ ಆಗೋಣ ಅಂದೆ."

"ಓಹೋ." ಅವನು ಸಪೋಟ ಜ್ಯೂಸನ್ನು ಅರ್ಧ ಕುಡಿದು ಯೋಚನೆ ಮಾಡಿದ. "ಅಪ್ಪನ್ನ ಒಂದ್ಮಾತು ಕೇಳಿದ್ರೆ ಹೆಂಗೆ?"

ರೂಪಶ್ರೀ ಹಣೆಯನ್ನು ಮೇಜಿಗೆ ಒರಗಿಸಿಬಿಟ್ಟಳು.

ಓಡಿಹೋಗುವುದರ ರೀತಿನೀತಿ ಇಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕೆ ರೂಪಶ್ರೀ ಸೋಮವಾರ ಗುಲ್ನಾಜಳನ್ನು ಹಿಡಿದಳು. ಗುಲ್ನಾಜ್ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಚೀಟಿ ಬರೆಯುವವಳು. ಅವಳ ಸ್ವಂತ ಅಕ್ಕ ಓಡಿಹೋಗಿ ಮದುವೆಯಾಗಿ ಈಗ ಹೊಸಪೇಟೆಯಲ್ಲಿ ಸುಖವಾಗಿದ್ದಳು. ಹಾಗಾಗಿ ಗುಲ್ನಾಜಳಿಗೆ ಈ ವಿಷಯದಲ್ಲಿ ತಾನು ಪಂಡಿತೆ ಎಂಬ ಹೆಮ್ಮೆಯಿತ್ತು.

"ಯಾರು ಬ್ಯಾಡ ಅಂತಾರೆ? ನಿಮ್ಮಪ್ಪನಾ, ಅವರಪ್ಪನಾ?" ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೇಳಿದಳು.

"ಯಾರೂ ಇಲ್ಲ. ಎಲ್ರೂ ಹೂಂ ಅಂತಾರೆ."

"ಮತ್ತೆ ಯಾಕೆ ಬಿಕನಾಸಿ ಥರ ಓಡ್ತೀಯಾ?"

ರೂಪಶ್ರೀ ಎಲ್ಲವನ್ನೂ ವಿವರಿಸಿದಳು. ಗುಲ್ನಾಜ್ ಎರಡು ರೋಗಿಗಳನ್ನು ಕಾಯಿಸಿ ಕೇಳಿದಳು. ಕೊನೆಗೆ ನಿಟ್ಟುಸಿರುಬಿಟ್ಟು, "ಇದು ವಿರೋಧಕ್ಕಿಂತ ಖರಾಬ್ ಕೇಸು," ಅಂದಳು. "ಆಯ್ತು. ಎಲ್ಲಿಗೆ ಹೋಗ್ತೀರಿ? ಗೋವಾ? ಮೈಸೂರು?"

"ಹರಿಹರ."

"ಹರಿಹರಾ? ಬಸ್ಸಿನಾಗೆ ಅರ್ಧ ಗಂಟೆ ಐತಲ್ಲೇ! ಅದು ಓಡಿ ಹೋಗೋದಲ್ಲ, ಸಂತೆಗೆ ಹೋಗೋದು."

"ದೂರ ಹೋದ್ರೆ ಅಜ್ಜಿಗೆ ಬಿ.ಪಿ. ಮಾತ್ರೆ ಯಾರು ಕೊಡ್ತಾರೆ? ಅವರೂ ಮೂರು ಗಂಟೆಗೆ ಅಂಗಡಿಗೆ ಬರಬೇಕಂತೆ. ಗುರುವಾರ ಅರ್ಧ ದಿನ ರಜಾ ಬರೆದುಕೊಟ್ಟೀನಿ."

ಗುಲ್ನಾಜ್ ಚೀಟಿಯ ಹಿಂಭಾಗದಲ್ಲಿ ಬರೆದುಕೊಟ್ಟಳು: ಆಧಾರ್ ಕಾರ್ಡು ಮರೆಯಬಾರದು, ಫೋನು ಬಂದ್ ಮಾಡಬೇಕು, ಸಾದಾ ಬಟ್ಟೆಯಲ್ಲಿ ಹೋಗಬೇಕು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಮನೆಯವರಿಗೆ, ಏನೇ ಆದರೂ, ಒಂದು ಮಾತೂ ಹೇಳಬಾರದು.

ಬುಧವಾರ ಸಂಜೆ ಬಸವಕಿರಣ ಮನೆಯಲ್ಲಿ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕುತ್ತಿದ್ದ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಇಸ್ತ್ರಿಪೆಟ್ಟಿಗೆ ಮುಟ್ಟಿದ್ದನ್ನು ಅವನ ತಾಯಿ ನಿರ್ಮಲಮ್ಮ ನೋಡಿರಲಿಲ್ಲ.

"ನಾಳೆ ಏನೈತೋ?"

ಸುಳ್ಳು ಹೇಳುವುದು ಬಸವಕಿರಣನಿಗೆ ಬರುತ್ತಿರಲಿಲ್ಲ. "ಅಮ್ಮ, ನಾಳೆ ನಾನು ಓಡಿ ಹೋಗ್ತೀನಿ. ಹುಡುಗಿ ಜತೆ."

ನಿರ್ಮಲಮ್ಮ ಅಲ್ಲೇ ಮಂಚದ ಮೇಲೆ ಕುಸಿದರು. "ಯಾವ ಹುಡುಗಿನೋ ಪಾಪಿ? ಆ ರೂಪಶ್ರೀ ಮುಖಕ್ಕೆ ನಾನು ಹೆಂಗೆ ಮುಖ ಕೊಡ್ಲಿ?"

"ಅವಳ ಜತೇನೇ ಅಮ್ಮ."

"ಅವಳ ಜತೇನಾ?" ನಿರ್ಮಲಮ್ಮ ಎದೆ ಮೇಲಿದ್ದ ಕೈ ತೆಗೆದರು. "ಥೂ, ಜೀವ ಬಾಯಿಗೆ ಬಂದಿತ್ತಲ್ಲೋ. ಎಷ್ಟೊತ್ತಿಗೆ ಹೊರಡ್ತೀರಿ?"

"ಒಂಬತ್ತೂವರೆಗೆ. ನೀವು ಬೈಯ್ಯಲ್ವಾ?"

"ಯಾಕ ಬೈಲಿ? ತಾಳಿ ಮಾಡಿಸಿ ಒಂದು ವರ್ಷ ಆತು. ಬೀರು ತೆಗೆದಾಗೆಲ್ಲ ಅದು ನನ್ನೇ ನೋಡ್ತೈತೆ." ಸೆರಗಿನ ಅಂಚು ಮಡಚುತ್ತಾ ಮೆತ್ತಗೆ, "ನಾನೂ ಬರ್ತೀನಿ," ಅಂದರು.

"ಅಮ್ಮ, ಓಡಿ ಹೋಗೋವಾಗ ಅಮ್ಮನ್ನ ಕರ್ಕೊಂಡು ಹೋಗಲ್ಲ."

"ಯಾರು ಹೇಳಿದ್ದು? ನನ್ನ ಮದುವೇಲಿ ನನ್ನನ್ನ ಯಾರೂ ಒಂದು ಮಾತು ಕೇಳಿರಲಿಲ್ಲ. ಸೀರೆ ಬಣ್ಣ ಸುದ್ದಾ ಅತ್ತೆ ಆರಿಸಿದ್ದು. ಇದನ್ನಾದ್ರೂ ನನ್ನ ಇಷ್ಟಕ್ಕೆ ನೋಡ್ತೀನಿ. ದಾರಿಗೆ ಚಿತ್ರಾನ್ನ ಮಾಡ್ಲಾ, ಉಪ್ಪಿಟ್ಟು ಮಾಡ್ಲಾ?"

"ನಿಮ್ಮಿಷ್ಟ," ಅಂದ ಬಸವಕಿರಣ.

ಅದೇ ಹೊತ್ತಿಗೆ ಶಾಮನೂರಿನಲ್ಲಿ ರೂಪಶ್ರೀ ರೇಷ್ಮೆ ಸೀರೆಯೊಂದನ್ನು ಮಡಚಿ ಊಟದ ಡಬ್ಬಿಯ ಚೀಲಕ್ಕೆ ತುರುಕುತ್ತಿದ್ದಳು. ಬಾಗಿಲಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದ ಕರಿಯವ್ವ ಕತ್ತೆತ್ತಿದಳು. ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಕಿವಿ ಮಂದ, ಕಣ್ಣು ಚುರುಕು.

"ಸೀರಿ ಎಲ್ಲಿಗೆ ಹೊಂಟೈತಿ?"

"ಲ್ಯಾಬಿಗೆ ಅಜ್ಜಿ."

"ಮಂದಿ ಉಚ್ಚಿ ಪರೀಕ್ಷೆ ಮಾಡಾಕ ರೇಷ್ಮಿ ಸೀರಿ ಬೇಕಾತೇನ?"

ಕರಿಯವ್ವ ಮೊರವನ್ನು ಪಕ್ಕಕ್ಕೆ ಸರಿಸಿ, ಮೊಮ್ಮಗಳ ಮುಖ ನೋಡಿ, ಉಳಿದದ್ದನ್ನು ತಾನೇ ಲೆಕ್ಕಹಾಕಿಕೊಂಡಳು.

"ನಾನೂ ಬರ್ತೀನಿ. ಬ್ಯಾಡ ಅಂದ್ರ ನಿಮ್ಮಪ್ಪಗ ಹೇಳಿಬಿಡ್ತೀನಿ. ಅವನು ಬೀಗರನ್ನ ಕೇಳ್ತಾನ, ಬೀಗರು ಅವನ್ನ ಕೇಳ್ತಾರ, ಅಷ್ಟ್ರಾಗ ನಾನು ಸತ್ತು ನನ್ನ ವರ್ಷದ ತಿಥಿನೂ ಆಗಿರ್ತೈತಿ."

ಗುರುವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ರೂಪಶ್ರೀ ಒಂದು ಕಂಬದ ಮರೆಗೆ ನಿಂತಿದ್ದಳು. ಪಕ್ಕದಲ್ಲಿ ಕರಿಯವ್ವ ಹಸಿರು ಇಳಕಲ್ ಸೀರೆಯುಟ್ಟು ಊರುಗೋಲು ಹಿಡಿದು, ಹೋಗಿಬರುವವರಿಗೆಲ್ಲ ಕಾಣುವಂತೆ ನಿಂತಿದ್ದಳು. ಎದುರುಗಡೆಯಿಂದ ಬಸವಕಿರಣ ಬಂದ. ಅವನ ಹಿಂದೆ ಎರಡು ಚೀಲ, ಒಂದು ಸ್ಟೀಲ್ ಬುತ್ತಿ, ಹೂವಿನ ಪೊಟ್ಟಣ ಹಿಡಿದ ನಿರ್ಮಲಮ್ಮ.

ನಾಲ್ವರೂ ಒಬ್ಬರನ್ನೊಬ್ಬರು ನೋಡಿದರು.

"ನೀವೂನಾ?" ಅಂದಳು ರೂಪಶ್ರೀ.

"ನೀವೂನಾ?" ಅಂದ ಬಸವಕಿರಣ.

ನಿರ್ಮಲಮ್ಮ ಮಾತ್ರ ಕರಿಯವ್ವನ ಕಾಲುಮುಟ್ಟಿ ನಮಸ್ಕಾರ ಮಾಡಿ, "ಅತ್ತೇರೇ, ಕಿಟಕಿ ಪಕ್ಕ ನೀವು ಕೂಡ್ರಿ," ಅಂದರು. ಕರಿಯವ್ವ, "ಹೂಂ, ಕೂಡ್ತೀನಿ," ಅಂದಳು. ಎರಡು ಮನೆಗಳ ನಡುವೆ ಒಂದೇ ಮಾತಿಗೆ ಇತ್ಯರ್ಥವಾದ ಮೊದಲ ವಿಷಯ ಅದು.

ಬಸ್ಸಿನಲ್ಲಿ ಮೂವರು ಹೆಂಗಸರು ಆಧಾರ್ ಕಾರ್ಡು ತೋರಿಸಿ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್ಟು ತೆಗೆದುಕೊಂಡರು. ಕಂಡಕ್ಟರ್, "ಎಲ್ಲಾ ಸೇರಿ ಎಲ್ಲಿಗೆ ಹೊಂಟೀರಿ ಅಜ್ಜಿ? ಲಗ್ನಕ್ಕಾ?" ಎಂದು ಕೇಳಿದಾಗ ಕರಿಯವ್ವ, "ಇಲ್ಲಪ್ಪ, ಓಡಿ ಹೊಂಟೀವಿ," ಎಂದು ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಿದಳು. ಹಿಂದಿನ ಸೀಟಿನಲ್ಲಿ ನಗು ಹರಡಿತು. ರೂಪಶ್ರೀ ಮುಖಕ್ಕೆ ದುಪಟ್ಟಾ ಮುಚ್ಚಿಕೊಂಡಳು. ಚಿತ್ರಾನ್ನದ ಬುತ್ತಿ ಊರು ದಾಟಿ ಬಾತಿ ಹಳ್ಳಿ ಬರುವಷ್ಟರಲ್ಲೇ ಬಿಚ್ಚಿತು.

ಇತ್ತ ಬಸವಕಿರಣ ತಂದೆಗೆ ಒಂದು ಕಾಗದ ಬರೆದಿಟ್ಟು ಬಂದಿದ್ದ. ಹೇಳದೆ ಹೋಗುವುದು ಅವನ ಮನಸ್ಸಿಗೆ ಒಗ್ಗಿರಲಿಲ್ಲ. ಅಪ್ಪ ಅಂಗಡಿಗೆ ಹೋಗಿ ಲೆಕ್ಕದ ಪುಸ್ತಕ ತೆರೆಯುವುದು ಹನ್ನೊಂದಕ್ಕೆ, ಕನ್ನಡಕ ಬೇಕಾಗುವುದು ಆಗಲೇ ಎಂದು ಕಾಗದವನ್ನು ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟಿದ್ದ. ಆದರೆ ಅವತ್ತು ವಾಮದೇವಪ್ಪನವರಿಗೆ ಒಂಬತ್ತೂವರೆಗೇ ಹಾಲಿನ ಪ್ಯಾಕೆಟ್ಟಿನ ತಾರೀಖು ಓದಬೇಕೆನ್ನಿಸಿತು.

'ತೀರ್ಥರೂಪರಾದ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ. ನಾವಿಬ್ಬರೂ ಓಡಿಹೋಗುತ್ತಿದ್ದೇವೆ. ಹರಿಹರೇಶ್ವರ ದೇವಸ್ಥಾನದಲ್ಲಿ ಮದುವೆಯಾಗಿ ಮೂರು ಗಂಟೆಯೊಳಗೆ ಅಂಗಡಿಗೆ ಬರುತ್ತೇನೆ. ತಾವು ದಯವಿಟ್ಟು ಅನ್ಯಥಾ ಭಾವಿಸಬಾರದು. ಅಮ್ಮ ಜೊತೆಗಿದ್ದಾರೆ.'

ವಾಮದೇವಪ್ಪ ಕೆಂಚವೀರಪ್ಪನವರಿಗೆ ಫೋನು ಮಾಡಿದರು. ಕೆಂಚವೀರಪ್ಪ ಗದ್ದೆಯಿಂದ ಹಾಗೇ ಬೈಕಿನಲ್ಲಿ ಬಂದರು. ಬೀದಿಯ ತುದಿಯಲ್ಲಿದ್ದ ಬಡೇಸಾಬ್ ತನ್ನ ಬಾಡಿಗೆ ಕಾರು ತಂದು ನಿಲ್ಲಿಸಿದ. ಮುಂದೆ ಆದದ್ದನ್ನೆಲ್ಲ ಈ ಬಡೇಸಾಬನೇ ವಾರಗಟ್ಟಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ.

"ಮುಂದ ಕೂಡ್ರಿ ಬೀಗರೆ," ಅಂದರು ಕೆಂಚವೀರಪ್ಪ ಕಾರಿನ ಬಾಗಿಲು ತೆರೆದು.

"ನೀವು ಕೂಡ್ರಿ. ನೀವು ನನ್ನ ಮನೆ ಬಾಗಿಲಿಗೆ ಬಂದೋರು."

"ಇಲ್ಲ ಇಲ್ಲ, ಕೆಸರು ಕಾಲಾಗ ನಾನು ಮುಂದ ಕೂಡೋದು ಚೆಂದಲ್ಲ."

"ಕೆಸರು ಅಂದ್ರೆ ಲಕ್ಷ್ಮಿ ಅಲ್ಲೇನ್ರಿ? ಕೂಡ್ರಿ."

ಬಡೇಸಾಬ್ ಹತ್ತು ನಿಮಿಷ ಇಂಜಿನ್ ಚಾಲೂ ಇಟ್ಟುಕೊಂಡು ಕಾಯ್ದ, ಬಂದ್ ಮಾಡಿದ, ಮತ್ತೆ ಚಾಲೂ ಮಾಡಿದ. "ಸಾಹೇಬ್ರೇ, ಇಬ್ರೂ ಹಿಂದೆ ಕೂಡ್ರಿ," ಅಂದ. ಸರಿ ಎಂದು ಹಿಂದಿನ ಬಾಗಿಲು ತೆರೆದರು. ಆಗ ಯಾರು ಮೊದಲು ಹತ್ತಬೇಕೆಂಬ ಮಾತು ಬಂತು. ಕೊನೆಗೆ ಬಡೇಸಾಬ್ ಇಳಿದು ಬಂದು ಒಬ್ಬರನ್ನು ಎಡಗಡೆಯಿಂದಲೂ ಒಬ್ಬರನ್ನು ಬಲಗಡೆಯಿಂದಲೂ ಏಕಕಾಲಕ್ಕೆ ಹತ್ತಿಸಿದ.

ಊರು ದಾಟಿದ ಮೇಲೆ ಕೆಂಚವೀರಪ್ಪ ಸಂಕೋಚದಿಂದ ಕೇಳಿದರು. "ಬೀಗರೆ, ಈಗ ನಾವು ಸಿಟ್ಟಾಗಬೇಕಾ?"

"ನಾನೂ ಅದನ್ನೇ ಯೋಚ್ನೆ ಮಾಡ್ತಿದ್ದೆ. ನೀವು ಹೆಂಗಂತೀರಿ?"

"ನೀವು ಆದ್ರ ನಾನೂ ಆಗ್ತೀನಿ."

"ಹುಡುಗಿ ನಿಮ್ಮದು. ಮೊದಲು ನೀವೇ ಆಗಬೇಕು."

"ಛೆ, ನೀವಿರೋವಾಗ ನಾನೆಂಗ ಮೊದಲು ಸಿಟ್ಟಾಗ್ಲಿ?"

ಹೀಗೆ ಮಾತಾಡುತ್ತಿರುವಾಗ ಕೆಂಚವೀರಪ್ಪನವರು ರಸ್ತೆಬದಿಯ ಹೋಟೆಲೊಂದರ ಕಡೆ ಸುಮ್ಮನೆ ನೋಡಿದರು. ಬೀಗರಿಗೆ ಕಾಫಿ ಬೇಕಾಗಿದೆ ಎಂದುಕೊಂಡು ವಾಮದೇವಪ್ಪ ಕಾರು ನಿಲ್ಲಿಸಿದರು. ಕೆಂಚವೀರಪ್ಪನವರಿಗೆ ಕಾಫಿ ಬೇಕಿರಲಿಲ್ಲ. ಬೀಗರಿಗೇ ಬೇಕೇನೋ ಎಂದು ಇಳಿದರು. ಇಬ್ಬರಿಗೂ ಬೇಡವಾಗಿದ್ದ ಕಾಫಿಯನ್ನು ಊದಿ ಊದಿ ಕುಡಿದರು.

ಹರಿಹರದಲ್ಲಿ ರೂಪಶ್ರೀ ದೇವಸ್ಥಾನದ ಹತ್ತಿರ ಒಬ್ಬರ ಮನೆಯಲ್ಲಿ ಕೇಳಿಕೊಂಡು ಸೀರೆ ಉಟ್ಟು ಬಂದಿದ್ದಳು. ಕಲ್ಲಿನ ಕಂಬಗಳ ನಡುವೆ ತಂಪಾಗಿತ್ತು. ಅರ್ಚಕರು ನಾಲ್ವರನ್ನೂ ನೋಡಿ ಕೇಳಿದರು.

"ಮನೆಯವರ ಒಪ್ಪಿಗೆ ಇದೆಯೇನಮ್ಮ?"

"ಇದೆ. ಆದ್ರೂ ಓಡಿ ಬಂದೀವಿ," ಅಂದಳು ರೂಪಶ್ರೀ.

"ಇವರು ಯಾರು?"

"ನಾನು ಹುಡುಗನ ತಾಯಿ," ಅಂದರು ನಿರ್ಮಲಮ್ಮ. "ಅವರು ಹುಡುಗಿ ಅಜ್ಜಿ."

ಅರ್ಚಕರು ಇಬ್ಬರ ಆಧಾರ್ ಕಾರ್ಡನ್ನೂ ತಿರುಗಿಸಿ ತಿರುಗಿಸಿ ನೋಡಿ, "ಆಗಲಿ, ಮಹಾಮಂಗಳಾರತಿಗೆ ಮೊದಲು ಮುಗಿಸೋಣ," ಎಂದರು. ನಿರ್ಮಲಮ್ಮ ತಂದಿದ್ದ ತಾಳಿಯನ್ನು ದೇವರ ಪಾದಕ್ಕೆ ಮುಟ್ಟಿಸಿ ತಂದರು. ಎದುರಿಗಿದ್ದದ್ದು ಅರ್ಧ ಹರಿ, ಅರ್ಧ ಹರ, ಒಂದೇ ಮೂರ್ತಿ. ನಿರ್ಮಲಮ್ಮ ಪೊಟ್ಟಣ ಬಿಚ್ಚಿ ಮಲ್ಲಿಗೆ ಹಾರಗಳನ್ನು ಕೊಟ್ಟರು. ಹಾರ ಬದಲಾಯಿತು. ತಾಳಿ ಬಸವಕಿರಣನ ಕೈಗೆ ಬಂತು.

ಅವನ ಕೈ ಅಲ್ಲೇ ನಿಂತಿತು.

"ಏನ್ರಿ?" ಅಂದಳು ರೂಪಶ್ರೀ.

"ಅಪ್ಪ ಇಷ್ಟೊತ್ತಿಗೆ ಕಾಗದ ಓದಿರ್ತಾರೆ. ಬರ್ತಿರಬಹುದು. ಒಂದರ್ಧ ಗಂಟೆ ಕಾಯೋಣವಾ? ಇಲ್ಲಾ ಈಗ್ಲೇ... ನಿಮ್ಮಿಷ್ಟ. ನೀವು ಹೆಂಗೆ ಹೇಳ್ತೀರೋ ಹಂಗೆ."

ರೂಪಶ್ರೀಗೆ ಅಳು ಬಂತು, ಸಿಟ್ಟೂ ಬಂತು. ಮಲ್ಲಿಗೆ ಹಾರದ ಒಳಗಿಂದ ಅವನನ್ನು ನೋಡಿದಳು. ಒಳ್ಳೆಯವನು. ತನಗೆ ಸಪೋಟ ಇಷ್ಟವೆಂದು ಗೊತ್ತಾದ ಮೇಲೆ ಮಾರನೆಯ ದಿನವೇ ಲ್ಯಾಬಿಗೆ ಒಂದು ಬುಟ್ಟಿ ಸಪೋಟ ಕಳಿಸಿದವನು. ಆದರೆ ಅವನಿಗೆ ಯಾವ ಹಣ್ಣು ಇಷ್ಟವೆಂದು ಅವಳಿಗೆ ಇವತ್ತಿಗೂ ಗೊತ್ತಿರಲಿಲ್ಲ.

"ನನ್ನಿಷ್ಟ ನಾನು ಭಾನುವಾರನೇ ಹೇಳೀನಿ," ಅಂದಳು. "ನಿಮ್ಮಿಷ್ಟ ಹೇಳ್ರಿ. ನನ್ನ ಮುಖ ನೋಡಿ ಹೇಳಬ್ಯಾಡ್ರಿ. ಕಣ್ಣು ಮುಚ್ಕೊಳ್ರಿ, ಮುಚ್ಕೊಂಡು ಹೇಳ್ರಿ. ಕಾಯೋಣು ಅಂದ್ರೆ ಕಾಯ್ತೀನಿ. ಆದ್ರೆ ಅದು ನಿಮಗೆ ಬೇಕಾಗಿರಬೇಕು."

ಬಸವಕಿರಣ ಕಣ್ಣು ಮುಚ್ಚಿದ. ಒಂದು ನಿಮಿಷ ಕಳೆಯಿತು. ಅರ್ಚಕರು ಗರ್ಭಗುಡಿಯ ಕಡೆ ನೋಡಿದರು. ಕರಿಯವ್ವ, "ಮಲಗಿದನೇನ?" ಎಂದು ನಿರ್ಮಲಮ್ಮನನ್ನು ಕೇಳಿದಳು. ತನಗೇನು ಬೇಕೆಂದು ಬಸವಕಿರಣ ಹಿಂದೆ ಎಂದೂ ಹುಡುಕಿರಲಿಲ್ಲ; ಎಲ್ಲಿ ಇಟ್ಟಿದ್ದಾನೋ ಅದೂ ಗೊತ್ತಿರಲಿಲ್ಲ. ಹುಡುಕಿದ. ಕೊನೆಗೆ ಸಿಕ್ಕಿತು.

"ನಂಗೆ ಈಗ್ಲೇ ಬೇಕು," ಅಂದ ಕಣ್ಣು ಬಿಡದೆ. "ಕಾಯೋದು ಬ್ಯಾಡ. ನಂಗೆ ಹೋದ ವರ್ಷಾನೇ ಬೇಕಾಗಿತ್ತು. ಅದೂ ಅಲ್ದೆ ನಂಗೆ ಸಪೋಟ ಜ್ಯೂಸು ಸೇರಲ್ಲ."

"ಅದನ್ನ ಆಮ್ಯಾಲ ಹೇಳು, ಮೊದಲು ಕಟ್ಟು!" ಎಂದು ಕರಿಯವ್ವ ಊರುಗೋಲು ಕುಟ್ಟಿದಳು.

ಮೂರು ಗಂಟು ಬಿಗಿಯಾಗಿಯೇ ಬಿದ್ದವು. ಕರಿಯವ್ವ ಸೊಂಟದ ಚೀಲದಲ್ಲಿ ತಂದಿದ್ದ ಅಕ್ಕಿಕಾಳನ್ನು ಎರಡೂ ಕೈಯಿಂದ ತೂರಿದಳು. ದೇವರ ದರ್ಶನಕ್ಕೆ ಬಂದಿದ್ದ ಯಾರೋ ಆರೇಳು ಜನ ಅವಳ ಕೈಯಿಂದಲೇ ಇಸಿದುಕೊಂಡು ತಾವೂ ಅಕ್ಕಿಕಾಳು ಹಾಕಿದರು. ನಿರ್ಮಲಮ್ಮ ಅತ್ತರು. ರೂಪಶ್ರೀ ಅಜ್ಜಿಯ ಕಾಲಿಗೆ ಬಗ್ಗಿದಾಗ ಕರಿಯವ್ವ ಅವಳ ಕೆನ್ನೆ ಹಿಡಿದು, "ನಿಮ್ಮವ್ವ ಇದ್ದಿದ್ರ ಅವಳೂ ಓಡಿ ಬರ್ತಿದ್ಲು," ಅಂದಳು. ಅಷ್ಟಕ್ಕೆ ರೂಪಶ್ರೀಯ ಕಣ್ಣೂ ತುಂಬಿತು.

ಬೀಗರಿಬ್ಬರೂ ಒಳಗೆ ಬಂದಾಗ ಮಂಗಳಾರತಿಯೂ ಮುಗಿದು ನಾಲ್ವರೂ ಅಂಗಳದ ಕಟ್ಟೆಯ ಮೇಲೆ ಕೂತು ಕೊಬ್ಬರಿ ತಿನ್ನುತ್ತಿದ್ದರು. ಮಗಳ ಕೊರಳನ್ನು ನೋಡಿ ಕೆಂಚವೀರಪ್ಪ ನಿಂತಲ್ಲೇ ನಿಂತರು. ಒಬ್ಬಳೇ ಮಗಳಿಗೆ ತಾಳಿ ಕಟ್ಟುವುದನ್ನು ನೋಡಲಿಲ್ಲ. ಒಂದೇ ಒಂದು ಕಾಫಿಗೋಸ್ಕರ ನೋಡಲಿಲ್ಲ.

"ನಿಮ್ಮಿಂದ," ಅಂದರು ವಾಮದೇವಪ್ಪನವರ ಕಡೆ ತಿರುಗಿ.

"ಏನಂದ್ರಿ?"

"ನಿಮ್ಮಿಂದ ತಪ್ಪಿತು ಅಂದೆ! ಮುಂದ ಕೂಡ್ರಿ ಅಂದ್ರ ಕೂಡಬಾರದಾಗಿತ್ತಾ? ನನಗ ಕಾಫಿ ಬೇಕು ಅಂತ ಯಾರು ಹೇಳಿದ್ರು?"

ವಾಮದೇವಪ್ಪನವರ ಮುಖ ಕೆಂಪಾಯಿತು. ಅರವತ್ತಮೂರು ವರ್ಷದಲ್ಲಿ ಯಾರೂ ಅವರಿಗೆ ದನಿಯೇರಿಸಿ ಮಾತಾಡಿರಲಿಲ್ಲ. "ಹೋಟೆಲ್ ಕಡೆ ಆಸೆಯಿಂದ ನೋಡಿದ್ದು ನೀವು!"

"ನಾನು ಬೋರ್ಡು ಓದ್ತಿದ್ದೆ!"

"ಮತ್ತೆ ನಿಮ್ಮನೇಲಿ ನನಗೆ ಮೂರು ಮೂರು ಹೋಳಿಗೆ ಯಾಕೆ ಬಡಿಸಿದ್ರಿ? ಶುಗರ್ ಐತ್ರೀ ನಂಗೆ! ಹದಿನಾಲ್ಕು ತಿಂಗಳಿಂದ ನಿಮ್ಮ ಮರ್ಯಾದಿಗೋಸ್ಕರ ತಿಂದು ತಿಂದು ಸಾಯ್ತಿದೀನಿ!"

"ಮತ್ತ ನಿಮ್ಮನಿ ಕಾಫಿ? ಅದು ಕಾಫಿನೇನ್ರಿ? ಬಿಸಿನೀರಿಗೆ ಕಾಫಿಪುಡಿ ತೋರಿಸಿದಂಗ ಇರ್ತೈತಿ!"

"ಅದು ನಾನು ಮಾಡೋ ಕಾಫಿ," ಎಂದು ನಿರ್ಮಲಮ್ಮ ಮೆಲ್ಲಗೆ ರೂಪಶ್ರೀಗೆ ಹೇಳಿದರು. "ಪಾಪ, ನಿಜಾನೇ ಹೇಳ್ತಾರೆ."

ಬಸವಕಿರಣ ಬಿಡಿಸಲು ಎದ್ದ. ಕರಿಯವ್ವ ಊರುಗೋಲನ್ನು ಅಡ್ಡ ಹಿಡಿದು ಕೂರಿಸಿದಳು. "ಆಡಲಿ ಬಿಡು. ಹದಿನಾಲ್ಕು ತಿಂಗಳದ್ದು ಐತಿ."

ಇಬ್ಬರೂ ಮಂಟಪದ ವಿಷಯ ಎತ್ತಿದರು, ಮುಹೂರ್ತದ ವಿಷಯ ಎತ್ತಿದರು, ನಿಶ್ಚಿತಾರ್ಥದ ದಿನ ಯಾರ ಚಪ್ಪಲಿ ಯಾರು ಹಾಕಿಕೊಂಡು ಹೋದರು ಎಂಬುದನ್ನೂ ಎತ್ತಿದರು. ಅರ್ಚಕರು ಒಮ್ಮೆ ಬಂದು ಸುಮ್ಮನಿರಿ ಎಂದು ಕೈ ಮಾಡಿದರು. ಆಗ ಇಬ್ಬರೂ ಕೈಮುಗಿದು ಹೊರಗೆ ಹೋಗಿ, ಹೊಳೆಯ ಕಡೆಯ ಮೆಟ್ಟಿಲ ಮೇಲೆ ನಿಂತು ಮುಂದುವರಿಸಿದರು. ಗಂಟಲು ಕಟ್ಟಿದಾಗ ಅಲ್ಲೇ ಪಕ್ಕಪಕ್ಕ ಕೂತರು. ಕೆಳಗೆ ತುಂಗಭದ್ರೆ ಬೇಸಿಗೆಯಲ್ಲಿ ಇಳಿದು ಬಂಡೆಗಳ ನಡುವೆ ಹರಿಯುತ್ತಿದ್ದಳು. ಬಡೇಸಾಬ್ ನೀರಿನ ಬಾಟಲಿ ತಂದುಕೊಟ್ಟ. ವಾಮದೇವಪ್ಪ ಕೇಳದೆಯೇ ಮೊದಲು ತಾವು ಕುಡಿದರು, ಅರ್ಧಕ್ಕಿಂತ ಹೆಚ್ಚು. ಆಮೇಲೆ ಬಾಟಲಿ ಚಾಚಿದರು.

"ಏ ಕೆಂಚವೀರಪ್ಪ, ಒರಟ ಅದೀಯಪ್ಪ ನೀನು," ಅಂದರು.

"ನೀನೇನು ಕಡಿಮಿ?" ಅಂದರು ಕೆಂಚವೀರಪ್ಪ. ಮೂಗು ಒರೆಸಿಕೊಂಡು ನಕ್ಕರು.

ಅವತ್ತು ಬಸವಕಿರಣ ಮೂರು ಗಂಟೆಗೆ ಅಂಗಡಿಗೆ ಹೋಗಲಿಲ್ಲ. ಆರೂ ಜನ ಮತ್ತು ಬಡೇಸಾಬ್ ಹರಿಹರದ ಒಂದು ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿದರು. ರೂಪಶ್ರೀಯ ಅರ್ಧ ದಿನದ ರಜೆ ಮುಗಿದದ್ದನ್ನು ಗುಲ್ನಾಜ್ ಹೇಗೋ ಸಂಭಾಳಿಸಿದಳು. ಆದರೆ ಓಡಿಹೋದವರ ಜೊತೆ ಯಾರ್ಯಾರಿದ್ದರು ಎಂದು ಕೇಳಿದ ಮೇಲೆ ಎರಡು ದಿನ ಅವಳು ರೂಪಶ್ರೀಯೊಡನೆ ಮಾತು ಬಿಟ್ಟಳು.

ಮದುವೆಯನ್ನು ನೋಂದಣಿ ಮಾಡಿಸಲು ಹೋದಾಗ ಬೇಕಾದ ಕಾಗದಗಳಲ್ಲಿ ಲಗ್ನಪತ್ರಿಕೆಯೂ ಒಂದು ಎಂದು ತಿಳಿಯಿತು. ಓಡಿಹೋದವರಿಗೆ ಲಗ್ನಪತ್ರಿಕೆ ಎಲ್ಲಿಂದ ಬರಬೇಕು? ಬೀಗರಿಬ್ಬರೂ ಪಾತ್ರೆ ಅಂಗಡಿಯಲ್ಲಿ ಕೂತು ಬರೆಯತೊಡಗಿದರು. 'ಗುರುಹಿರಿಯರ ಸಮ್ಮುಖದಲ್ಲಿ' ಎಂದು ವಾಮದೇವಪ್ಪ ಬರೆದರೆ, "ಯಾವ ಸಮ್ಮುಖ? ನಾವು ಕಾರಿನಾಗ ಇದ್ವಿ! ಹೊಡೆದು ಹಾಕು ಅದನ್ನ," ಎಂದು ಕೆಂಚವೀರಪ್ಪ ಕೂಗಿದರು. ಗಿರಾಕಿಗಳು ಹೆದರಿ ಬಾಗಿಲಲ್ಲೇ ನಿಂತರು. ಇಪ್ಪತ್ತು ನಿಮಿಷದಲ್ಲಿ ಪತ್ರಿಕೆ ಅಚ್ಚಿಗೆ ಹೋಯಿತು. ಹೇಗೂ ಅಚ್ಚಾಗಿದೆಯಲ್ಲ ಎಂದು ನಿರ್ಮಲಮ್ಮ ನೆಂಟರಿಗೂ ಒಂದಷ್ಟು ಅಂಚೆಯಲ್ಲಿ ಹಾಕಿಸಿದರು.

ಜಗಳೂರಿನಲ್ಲಿ ವಾಮದೇವಪ್ಪನವರ ದೂರದ ಸಂಬಂಧಿ ಏಕಾಂತಪ್ಪ ಎಂಬ ಹಿರಿಯರಿದ್ದರು. ಪತ್ರಿಕೆ ಅವರ ಕೈಸೇರಿದಾಗ ಅದರಲ್ಲಿದ್ದ ತಾರೀಖು ದಾಟಿ ಹದಿನೈದು ದಿನವಾಗಿತ್ತು. ಅಚ್ಚಿನವರು ತಿಂಗಳನ್ನು ತಪ್ಪು ಹಾಕಿದ್ದಾರೆ ಎಂದು ಅವರೇ ತೀರ್ಮಾನಿಸಿ, ಮುಂದಿನ ತಿಂಗಳು ಅದೇ ತಾರೀಖಿಗೆ ಜರಿಪೇಟ ಸುತ್ತಿಕೊಂಡು, ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ ಹಿಡಿದು ದೇವರಾಜ ಅರಸು ಬಡಾವಣೆಯ ಮನೆಗೆ ಬಂದರು.

ಮನೆಯಲ್ಲಿ ನಿರ್ಮಲಮ್ಮ ಒಬ್ಬರೇ ಇದ್ದರು. ಒಳಗೆ ಕರೆದು, ಕೂರಿಸಿ, ಎಲೆ ಹಾಕಿ ಇದ್ದ ಅನ್ನ ಸಾರು ಬಡಿಸಿದರು.

"ಹುಡುಗ ಹುಡುಗಿ ಎಲ್ಲವ್ವ?" ಏಕಾಂತಪ್ಪ ಸುತ್ತ ನೋಡಿ ಕೇಳಿದರು.

"ಡ್ಯೂಟಿಗೆ ಹೋಗಿದಾರ್ರಿ."

ಏಕಾಂತಪ್ಪ ತುತ್ತು ಕೈಯಲ್ಲಿ ಹಿಡಿದೇ ತಲೆದೂಗಿದರು. "ಲಗ್ನದ ದಿನಾನೂ ರಜಾ ಹಾಕಿಲ್ಲ ನೋಡು," ಅಂದರು ಬಹಳ ಮೆಚ್ಚಿಕೆಯಿಂದ. "ಭಾಳ ಒಳ್ಳೆ ಜೋಡಿ. ಇನ್ನೊಂಚೂರು ಸಾರು ಹಾಕವ್ವ."